ಶ್ರೀರಾಂಪುರದ ಮನೆಯ ಮಿಡ್‌ಪಾಯಿಂಟ್

ಹೋದ ತಿಂಗಳು ಆಫೀಸಿನ ಕೆಲಸಕ್ಕೆಂದು ಶ್ರೀರಾಂಪುರಕ್ಕೆ ಹೋಗಬೇಕಾಯಿತು. ಹೊಸದಾಗಿ ಮನೆ ಕಟ್ಟಿಸುವವರೊಬ್ಬರ ಸೈಟು ಅಳೆಯುವುದಿತ್ತು. ಬೇರೆ ಯಾರನ್ನಾದರೂ ಕಳಿಸಿ ಎಂದು ಹೇಳಿ ನೋಡಿದೆ, ನಡೆಯಲಿಲ್ಲ. ಆ ಬಡಾವಣೆಯ ಹೆಸರು ಬಸ್ಸಿನ ಬೋರ್ಡಿನಲ್ಲಿ ಕಂಡರೂ ಮುಖ ಆಚೆ ತಿರುಗಿಸುವವಳು ನಾನು. ಪಕ್ಕದ ಸೈಟಿನಲ್ಲಿ ಹೊಸ ಗೋಡೆಗೆ ಗಾರೆ ಮಾಡಿ, ಒದ್ದೆ ಗೋಣಿಚೀಲ ಹೊದಿಸಿ, ಪೈಪಿನಲ್ಲಿ ನೀರು ಬಿಡುತ್ತಿದ್ದರು. ಒದ್ದೆ ಸಿಮೆಂಟು, ಒದ್ದೆ ಗೋಣಿ, ಎರಡೂ ಬೆರೆತ ಆ ವಾಸನೆ ಮೂಗಿಗೆ ಬಡಿಯಿತು. ಮಳೆ ಬಿದ್ದ ಮಣ್ಣಿನ ವಾಸನೆಗೆ ಕೆಲವರಿಗೆ ಕವಿತೆ ಹುಟ್ಟುತ್ತದಂತೆ. ನನಗೆ ಸಿಮೆಂಟಿನ ವಾಸನೆಗೆ ಹುಟ್ಟುವುದು ಸಿಟ್ಟು. ಟೇಪು ಹಿಡಿದು ನಿಂತಲ್ಲೇ ಆ ವರ್ಷದ ಮಳೆಗಾಲವೆಲ್ಲ ಕಣ್ಣ ಮುಂದೆ ಬಂತು.

ಆಗ ನಾನು ತವರಿನಲ್ಲಿದ್ದೆ. ಮದುವೆಯಾಗಿ ಕೆಲವು ವರ್ಷ ಸಂಸಾರ ಮಾಡಿ, ಇನ್ನು ಆಗದು ಅನ್ನಿಸಿದ ಮೇಲೆ ವಾಪಸ್ಸು ಬಂದಿದ್ದೆ. ಯಾಕೆಂದು ಇಲ್ಲಿ ಬರೆಯುವುದಿಲ್ಲ. ಕೇಳಿದವರಿಗೆಲ್ಲ ಹೇಳಿ ಹೇಳಿ ಆ ಕಥೆ ನನಗೇ ಹಳಸಿಹೋಗಿದೆ. ಶ್ರೀರಾಂಪುರದ ಮನೆ ಅಪ್ಪ ಕಟ್ಟಿಸಿದ್ದು. ಅವರು ಹಳ್ಳಿಯಿಂದ ಬಂದು ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದವರು. ಸುತ್ತಮುತ್ತ ಇನ್ನೂ ರಾಗಿ ಹೊಲ ಇದ್ದ ಕಾಲದಲ್ಲಿ ಸೈಟು ಹಿಡಿದು, ಕೈಗೆ ಬಂದಾಗ ಒಂದು ಕೋಣೆ, ಮತ್ತೆ ಬಂದಾಗ ಇನ್ನೊಂದು ಕೋಣೆ ಎಂದು ಕಟ್ಟುತ್ತಾ ಹೋದರು. ಕೊನೆಯದು ಮಹಡಿಯ ಮೇಲಿನ ಒಂಟಿ ಕೋಣೆ. ನಾನು ಸೂಟ್‌ಕೇಸ್ ಹಿಡಿದು ವಾಪಸ್ಸು ಬಂದ ಮೇಲೆ ಯಾರಿಗೂ ಒಂದು ಮಾತೂ ಹೇಳದೆ ಇಟ್ಟಿಗೆ ಇಳಿಸಿದರು. ಕೋಣೆ ಮುಗಿದ ದಿನ ಬೀಗದ ಕೈ ನನ್ನ ಕೈಗೆ ಕೊಟ್ಟು ಕೆಳಗಿಳಿದು ಹೋದರು. ಆಮೇಲೆ ಬಹಳ ದಿನ ಬದುಕಲಿಲ್ಲ. ಯಾರಿಗೆ ಏನೆಂದು ಬರೆದಿಡಲೂ ಇಲ್ಲ. ಆ ಮನೆಯಲ್ಲಿ ಉಳಿದವರು ಅವ್ವ, ನಮ್ಮಲ್ಲಿ ಹಿರಿಯನಾದ ಮಹದೇವಣ್ಣ, ಅವನ ಹೆಂಡತಿ, ನಾನು, ನನ್ನ ತಮ್ಮ ಕುಮಾರ.

ಕೆಲಸಕ್ಕೆ ನಾನು ಹೋಗುತ್ತಿದ್ದದ್ದು ಚಾಮರಾಜಪುರಂಗೆ. ಔಷಧಿ ಅಂಗಡಿಯೊಂದರ ಮಹಡಿಯ ಮೇಲೆ ರಂಗಸ್ವಾಮಿ ಸರ್ ಅವರ ಆಫೀಸು. ಮನೆ ಕಟ್ಟುವವರಿಗೆ ಪ್ಲಾನು ಬರೆದುಕೊಡುವ ಹಳೇ ಕಾಲದ ಇಂಜಿನಿಯರು. ಅಲ್ಲೇ ಕಂಪ್ಯೂಟರಿನಲ್ಲಿ ನಕ್ಷೆ ಬರೆಯುವ ಕ್ಯಾಡ್ ಕಲಿಯುತ್ತಾ ಅಲ್ಲೇ ದುಡಿಯುತ್ತಿದ್ದೆ. ಮೊದಮೊದಲು ನಾನು ಬರೆದ ಮನೆ ಪರದೆಯ ಮೇಲೆ ನೋಡಲು ಬಲು ಅಚ್ಚುಕಟ್ಟು. ಸರ್ ಬಂದು ಮೌಸಿನ ಚಕ್ರ ತಿರುಗಿಸಿ ಒಂದು ಮೂಲೆಯನ್ನು ದೊಡ್ಡದು ಮಾಡಿದರು, ಇನ್ನೂ ದೊಡ್ಡದು ಮಾಡಿದರು. ಕೂಡಿಕೊಂಡಿವೆ ಎಂದು ನಾನು ಅಂದುಕೊಂಡಿದ್ದ ಎರಡು ಗೋಡೆಗಳ ನಡುವೆ ಕೈ ತೂರಿಸುವಷ್ಟು ಸಂದು.

"ಕಣ್ಣಳತೇಲಿ ಬರೀಬೇಡ ಕಣಮ್ಮ. ಕಣ್ಣು ತನಗೆ ಬೇಕಾದ್ದನ್ನೇ ನೋಡ್ತದೆ. ಸ್ನ್ಯಾಪ್ ಹಾಕ್ಕೊ" ಎಂದರು.

ಸ್ನ್ಯಾಪ್ ಎಂದರೆ ದೊಡ್ಡ ಬ್ರಹ್ಮವಿದ್ಯೆಯೇನಲ್ಲ. ಕರ್ಸರನ್ನು ಗೆರೆಯ ಹತ್ತಿರಕ್ಕೆ ಒಯ್ದರೆ ಸಾಕು, ಬೇಕಾದ ಬಿಂದುವನ್ನು ಕಂಪ್ಯೂಟರೇ ಹುಡುಕಿ ಹಿಡಿದುಕೊಳ್ಳುತ್ತದೆ. ಗೆರೆಯ ತುದಿಯಾದರೆ ಒಂದು ಹಸಿರು ಚೌಕ ಹೊಳೆಯುತ್ತದೆ. ನಟ್ಟನಡುವಾದರೆ ತ್ರಿಕೋನ, ಅದು ಮಿಡ್‌ಪಾಯಿಂಟ್. ಎರಡು ಗೆರೆ ಹಾಯುವ ಕಡೆ ಗುಣಾಕಾರದ ಗುರುತು. ಕೈ ನಡುಗಲಿ, ಮನಸ್ಸು ಇನ್ನೆಲ್ಲೋ ಇರಲಿ, ಗೆರೆ ಮಾತ್ರ ಹೋಗಿ ಕೂರಬೇಕಾದ ಕಡೆಗೇ ಕೂರುತ್ತದೆ. ಆ ದಿನಗಳಲ್ಲಿ ನನ್ನ ಬದುಕಿನಲ್ಲಿ ಹಾಗೆ ಕೊಟ್ಟ ಮಾತಿಗೆ ನಿಲ್ಲುವಂಥದ್ದು ಇನ್ನೊಂದಿರಲಿಲ್ಲ. ಸಂಜೆ ಮನೆಗೆ ಬಂದರೂ ಕೈ ಬಿಡದೆ, ಕಂತಿನಲ್ಲಿ ಕೊಂಡ ಹಳೇ ಕಂಪ್ಯೂಟರನ್ನು ಮಹಡಿಯ ಕೋಣೆಯಲ್ಲಿಟ್ಟುಕೊಂಡು, ಕಿಟಕಿಗೆ ಮಳೆ ಹೊಡೆಯುವುದನ್ನು ಕೇಳುತ್ತಾ ಸುಮ್ಮನೆ ಯಾರದೂ ಅಲ್ಲದ ಮನೆಗಳನ್ನು ಬರೆಯುತ್ತಿದ್ದೆ. ಸುಖವಾಗಿದ್ದೆ ಎಂದು ಈಗ ಹೇಳಲು ನಾಚಿಕೆಯಾಗುತ್ತದೆ, ಆದರೆ ಇದ್ದೆ.

ಆ ಮುಂಗಾರಿನಲ್ಲೇ ಕುಮಾರನಿಗೆ ಹೆಣ್ಣು ಗೊತ್ತಾಯಿತು. ಹೆಣ್ಣಿನ ಕಡೆಯವರು ಮನೆ ನೋಡಲು ಬಂದು, ಉಪ್ಪಿಟ್ಟು ತಿಂದು, ಕಾಫಿ ಕುಡಿದು, ಲೋಟ ಕೆಳಗಿಡುವಾಗ ಹುಡುಗನ ಪಾಲಿಗೆ ಯಾವ ಭಾಗ ಬರುತ್ತದೆ ಎಂದು ಕೇಳಿದರು. ಮಹದೇವಣ್ಣನ ಮುಖ ಸಣ್ಣದಾಯಿತು. ಆದರೆ ಅವನ ಮನಸ್ಸಿನಲ್ಲೂ ಅದೇ ಇತ್ತೆಂದು ಕಾಣುತ್ತದೆ, ಮಾರನೆಯ ದಿನವೇ ಅವನೂ ಕುಮಾರನೂ ಕೂತು ಮಾತಾಡಿಕೊಂಡರು. ಗೌರಿ ಹಬ್ಬದೊಳಗೆ ಪಾಲುಪತ್ರ ರಿಜಿಸ್ಟರ್ ಆಗಿಬಿಡಬೇಕು, ಮದುವೆ ಆಮೇಲೆ. ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು ಎಂದು ಗಾದೆ ಇದೆ. ಆ ಗಾದೆಯಲ್ಲಿ ಅಕ್ಕತಂಗಿಯರ ಸುದ್ದಿಯೇ ಇಲ್ಲ. ಅದು ನನಗೆ ಆಗ ಹೊಳೆಯಲಿಲ್ಲ.

ಪಾಲುಪತ್ರದ ಜೊತೆಗೆ ಒಂದು ನಕ್ಷೆ ಇಡಬೇಕಲ್ಲ, ಅದನ್ನು ನೀನೇ ಬರೆದುಕೊಡು ಎಂದ ಅಣ್ಣ. ನಾನು ಹಿಗ್ಗಿಬಿಟ್ಟೆ. ನಮ್ಮ ಮನೆಯಲ್ಲಿ ನನ್ನ ವಿದ್ಯೆಯನ್ನು ಯಾರಾದರೂ ಬೇಕೆಂದು ಕೇಳಿದ್ದು ಅದೇ ಮೊದಲು. ಜಿಟಿಜಿಟಿ ಮಳೆಯಲ್ಲಿ ಅಣ್ಣ ಟೇಪಿನ ತುದಿ ಹಿಡಿದ, ನಾನು ಓಡಾಡಿ ಅಳತೆ ಬರೆದುಕೊಂಡೆ. ಬೀದಿಯಲ್ಲಿ ಹೋಗುವವರು ಏನು ಮಾದೇವ ಎಂದರೆ, ನಮ್ ಜಯಂತಿ ಪ್ಲಾನ್ ಮಾಡ್ತಾವಳೆ ಎಂದು ಹೇಳಿಕೊಂಡ. ಆ ಮಾತು ಕಿವಿಗೆ ಎಷ್ಟು ಹಿತವಾಗಿತ್ತೆಂದರೆ, ಇವರು ಯಾರ ಯಾರ ನಡುವೆ ಮನೆ ಹಂಚುತ್ತಿದ್ದಾರೆ ಎಂದು ಕೇಳುವುದನ್ನೇ ಮರೆತೆ.

ಸೈಟು ನೆಟ್ಟಗೆ ಆಯತವಾಗಿರಲಿಲ್ಲ. ರಸ್ತೆಯ ಕಡೆ ಅಗಲ, ಹಿಂದೆ ಹೋಗುತ್ತಾ ಒಂದು ಪಕ್ಕ ಒಳಕ್ಕೆ ಸರಿದಿತ್ತು. ಮುಂದಿನ ಗೆರೆಯ ಮಿಡ್‌ಪಾಯಿಂಟಿನಿಂದ ಹಿಂದಿನ ಗೆರೆಯ ಮಿಡ್‌ಪಾಯಿಂಟಿಗೆ ಎಳೆದರೆ ಎರಡು ಕಡೆಯೂ ಸರಿಸಮ. ಆದರೆ ಆ ಗೆರೆ ನೋಡಲು ಸ್ವಲ್ಪ ಓರೆ. ಅಲ್ಲಿಗೇ ಬಂತು ತಂಟೆ. ಕುಮಾರ ನನ್ನ ಕುರ್ಚಿಯ ಪಕ್ಕ ಸ್ಟೂಲು ಎಳೆದುಕೊಂಡು ಕೂತ. ಗೆರೆ ಯಾಕೆ ಸೊಟ್ಟಗಿದೆ, ರಸ್ತೆಯಿಂದ ನೆಟ್ಟಗೆ ಯಾಕೆ ಹೋಗಿಲ್ಲ ಎಂದು ಶುರುಮಾಡಿದ. ನೆಟ್ಟಗೆ ಹೋದರೆ ಒಬ್ಬರಿಗೆ ಮೋಸವಾಗುತ್ತದೆ ಎಂದೆ. ಅವನು ನಂಬಲಿಲ್ಲ. ಎರಡೂ ಭಾಗದ ವಿಸ್ತೀರ್ಣ ತೋರಿಸುತ್ತೇನೆ, ನೋಡು ಎಂದು ತೆಗೆದರೆ, ನನ್ನ ಗ್ರಹಚಾರಕ್ಕೆ ಎರಡು ಅಂಕಿ ಬೇರೆ ಬೇರೆ ಬಂದವು.

ಆದದ್ದು ಇಷ್ಟೆ. ಹಿಂದಿನ ಗೆರೆಯ ಮಿಡ್‌ಪಾಯಿಂಟಿಗೆ ತಾಗಿಕೊಂಡಂತೆಯೇ ಬಚ್ಚಲುಮನೆಯ ಗೋಡೆಯ ಮೂಲೆ ಇತ್ತು. ಎಲ್ಲ ಸ್ನ್ಯಾಪುಗಳೂ ಒಟ್ಟಿಗೆ ಆನ್ ಆಗಿದ್ದರೆ ಕರ್ಸರ್ ಯಾವುದು ಹತ್ತಿರವೋ ಅದನ್ನು ಹಿಡಿಯುತ್ತದೆ. ತ್ರಿಕೋನದ ಬದಲು ಮೂಲೆಯ ಚೌಕವನ್ನು ಹಿಡಿದಿತ್ತು. ಗೆರೆ ಒಂದು ಚಪ್ಪಲಿಯ ಅಗಲದಷ್ಟು ಕುಮಾರನ ಕಡೆಗೆ ಸರಿದಿತ್ತು. ಅಣ್ಣನಿಗೆ ಲಾಭ, ಅವನಿಗೆ ನಷ್ಟ.

"ನೋಡ್ದಾ? ಅವನ ಕಣ್ಣಿಗೆ ಬೆಣ್ಣೆ, ನನ್ ಕಣ್ಣಿಗೆ ಸುಣ್ಣ" ಎಂದ ಕುಮಾರ. "ನೀನು ಯಾವತ್ತೂ ಅಣ್ಣನ ಕಡೇನೇ ಕಣಕ್ಕ."

ನಾನು ಎತ್ತಿ ಆಡಿಸಿದ ಹುಡುಗ. ಅವನ ಶಾಲೆಯ ಶರ್ಟಿಗೆ ಗುಂಡಿ ಹಾಕಿದವಳು ನಾನು, ಅವನು ಪರೀಕ್ಷೆಯಲ್ಲಿ ಕೂತಿದ್ದರೆ ಗೇಟಿನ ಹೊರಗೆ ಬಿಸಿಲಲ್ಲಿ ನಿಂತವಳೂ ನಾನೇ. ಸಿಟ್ಟು ನುಂಗಿಕೊಂಡು ಮೆನು ತೆಗೆದೆ. ಯಾವ ಯಾವ ಸ್ನ್ಯಾಪ್ ಇವೆ ಎಂದು ಅವನಿಗೆ ಓದಿ ಹೇಳಿ, ಅವನ ಕಣ್ಣೆದುರಿಗೇ ಒಂದೊಂದರ ಗುರುತನ್ನೂ ತೆಗೆಯುತ್ತಾ ಬಂದೆ. ಕೊನೆಗೆ ಮಿಡ್‌ಪಾಯಿಂಟ್ ಒಂದೇ ಉಳಿಯಿತು. ಈಗ ಕರ್ಸರನ್ನು ಎಲ್ಲಿ ಒಯ್ದರೂ ನಟ್ಟನಡುವಿನ ತ್ರಿಕೋನ ಮಾತ್ರ ಹೊಳೆಯುತ್ತಿತ್ತು. ಮತ್ತೆ ಎಳೆದೆ. ವಿಸ್ತೀರ್ಣ ಕೊನೆಯ ಅಂಕಿಯವರೆಗೂ ಒಂದೇ ಬಂತು. ಕುಮಾರ ಆ ತ್ರಿಕೋನವನ್ನು ದೇವರ ಪ್ರಸಾದ ನೋಡಿದ ಹಾಗೆ ನೋಡಿದ. ಅಕ್ಕನನ್ನು ನಂಬದವನು ತ್ರಿಕೋನವನ್ನು ನಂಬಿದ. ಅಣ್ಣನನ್ನೂ ಕರೆಸಿ, ಅವನ ಮುಂದೆ ಇನ್ನೊಂದು ಸಲ ಎಳೆಸಿದ. ಕಂಪ್ಯೂಟರಿಗೆ ಅಣ್ಣ ತಮ್ಮ ಅನ್ನೋದಿಲ್ಲ ಎಂದು ಇಬ್ಬರೂ ಖುಷಿಯಾಗಿ ಕೆಳಗಿಳಿದು ಹೋದರು.

ಅವರು ಹೋದ ಮೇಲೆ ಗೆರೆಯನ್ನು ಒಬ್ಬಳೇ ನೋಡುತ್ತಾ ಕೂತೆ. ಕೆಳಗಿನ ಹಾಲನ್ನು ಸೀಳಿ, ಮೆಟ್ಟಿಲನ್ನು ಒಂದು ಕಡೆಗೆ ಬಿಟ್ಟು ಅದು ಹಿಂದಕ್ಕೆ ಹೋಗಿತ್ತು. ಮಹಡಿಯ ನಕ್ಷೆಯನ್ನು ಅದರ ಮೇಲಿಟ್ಟು ನೋಡಿದೆ. ಗೆರೆ ನನ್ನ ಕೋಣೆಯ ನಡುವೆ, ಸರಿಯಾಗಿ ನನ್ನ ಮಂಚದ ಮೇಲೆ ಹಾದುಹೋಗಿತ್ತು. ಸಂಜೆ ಊಟಕ್ಕೆ ಕೂತಾಗ ನನ್ನ ಕೋಣೆ ಏನಾಗುತ್ತದೆ ಎಂದು ಕೇಳಿದೆ. ಗೋಡೆ ಹಾಕುವಾಗ ನೋಡಿದರಾಯಿತು ಎಂದ ಅಣ್ಣ, ಸಾರು ಬಡಿಸಿಕೊಳ್ಳುತ್ತಾ. ಅತ್ತಿಗೆ ನನ್ನ ಮುಖ ನೋಡಲಿಲ್ಲ.

ದೊಡ್ಡ ಹಾಳೆಯಲ್ಲಿ ಪ್ರಿಂಟು ತೆಗೆಯಲು ನಕ್ಷೆಯನ್ನು ಆಫೀಸಿಗೆ ಒಯ್ದಿದ್ದೆ. ಸರ್ ನೋಡಿದರು. ಇದು ಯಾರ ಮನೆ, ಯಾರ ಯಾರಿಗೆ ಪಾಲು ಎಂದು ಕೇಳಿದರು. ಹೇಳಿದೆ. ಕನ್ನಡಕ ತೆಗೆದು ಟೇಬಲ್ಲಿನ ಮೇಲಿಟ್ಟರು. ತಂದೆ ಏನೂ ಬರೆದಿಡದೆ ಹೋಗಿದ್ದರೆ ತಾಯಿಗೊಂದು, ಮೂವರು ಮಕ್ಕಳಿಗೆ ಒಂದೊಂದು, ಒಟ್ಟು ನಾಲ್ಕು ಸಮಪಾಲು, ಕಾನೂನು ಇರುವುದೇ ಹಾಗೆ ಎಂದರು. ನಾಲ್ಕು ಪಾಲು ಮಾಡಿದರೆ ಯಾರಿಗೂ ಕಾಲು ಚಾಚಲು ಜಾಗವಿರುವುದಿಲ್ಲ ಸರ್ ಎಂದೆ. ಅವರು ನನ್ನ ಗೆರೆಯ ಮೇಲೆ ಬೆರಳಿಟ್ಟರು.

"ಇದನ್ನ ಅಲ್ಲಾಡಿಸೋದೇ ಬೇಡ. ಈ ಕಡೆ ನೀನೂ ನಿಮ್ಮ ತಾಯೀನೂ ಇರಿ, ಆ ಕಡೆ ಗಂಡುಮಕ್ಕಳಿಬ್ರೂ ಇರ್ಲಿ. ಎರಡೂ ಕಡೆ ಎರಡೆರಡು ಪಾಲು. ಲೆಕ್ಕ ಸರಿಹೋಯ್ತಲ್ಲಮ್ಮ."

ಬರೆದವಳು ನಾನು. ಬಿಂದು ಬಿಂದುವನ್ನೂ ಹಿಡಿದು ಎಳೆದವಳು ನಾನು. ಆದರೂ ಅದು ನನಗೆ ಕಂಡಿರಲಿಲ್ಲ. ಗೆರೆ ಸರಿಯಾಗಿಯೇ ಇತ್ತು, ಹೆಸರು ಬರೆಯುವುದು ಮಾತ್ರ ಬಾಕಿ. ಅಗ್ರಹಾರದಲ್ಲಿ ಬಸ್ಸಿಗೆ ಕಾಯುವಾಗ ಛತ್ರಿ ಬಿಚ್ಚುವುದನ್ನೂ ಮರೆತು ನೆನೆದುಬಿಟ್ಟೆ.

ಮನೆಗೆ ಬಂದಾಗ ಅವ್ವ ಅಡುಗೆಮನೆಯಲ್ಲಿ ಸೊಪ್ಪು ಬಿಡಿಸುತ್ತಿದ್ದಳು. ಗಂಡುಮಕ್ಕಳು ಬಂದಿರಲಿಲ್ಲ. ಅವಳ ಪಕ್ಕ ಕೂತು, ಹಾಳೆ ನೆಲಕ್ಕೆ ಹಾಸಿ, ಗೆರೆಯನ್ನು ತೋರಿಸಿ, ಸರ್ ಹೇಳಿದ್ದನ್ನು ಬಿಡಿಸಿ ಬಿಡಿಸಿ ಹೇಳಿದೆ. ಅಪ್ಪನ ಮನೆಯಲ್ಲಿ ನಿನಗೂ ಒಂದು ಪಾಲಿದೆ ಅವ್ವ, ನಿನ್ನದನ್ನೂ ನನ್ನದನ್ನೂ ಸೇರಿಸಿಕೊಂಡರೆ ಅರ್ಧ ಮನೆ, ನಾವಿಬ್ಬರೂ ಒಂದು ಕಡೆ ಇರೋಣ, ನಾನು ದುಡಿಯುತ್ತೇನೆ, ನಿನ್ನನ್ನು ಯಾರ ಬಾಗಿಲಿಗೂ ಕಳಿಸುವುದಿಲ್ಲ ಎಂದೆ. ಅವ್ವ ಓದಿದವಳಲ್ಲ. ಸೊಪ್ಪಿನ ಕಡ್ಡಿಯಿಂದ ಹಾಳೆಯ ಮೇಲಿನ ಗೆರೆಯನ್ನು ಮುಟ್ಟಿದಳು. ಕಡ್ಡಿಯನ್ನು ಅದರ ಮೇಲೆಯೇ ತುದಿಯವರೆಗೂ ಎಳೆದಳು.

"ಒಲೆ ಯಾವ ಕಡೀಕೆ ಬತ್ತದೆ?" ಎಂದಳು.

"ನಮ್ ಕಡೀಕೇ ಕಣವ್ವ."

ಅವ್ವ ನಕ್ಕಳು. ಅಪ್ಪ ಹೋದ ಮೇಲೆ ಅವಳು ಹಾಗೆ ನಕ್ಕಿದ್ದನ್ನು ನಾನು ನೋಡಿರಲಿಲ್ಲ. ಹಿತ್ತಲ ಬಾಗಿಲು ಯಾರಿಗೆ, ಸಂಪು ಯಾರಿಗೆ, ಕರಿಬೇವಿನ ಗಿಡ ಯಾರಿಗೆ ಎಂದೆಲ್ಲ ಕೇಳಿದಳು. ನೀನು ಏಳು ಅವ್ರಿಗೆ, ನಾನು ಊ ಅಂತೀನಿ ಎಂದಳು. ಅದನ್ನು ನಾನು ಕಿವಿಯಾರೆ ಕೇಳಿದ್ದೇನೆ. ಯಾರೂ ನನಗೆ ಅದನ್ನು ಕನಸು ಎಂದು ಹೇಳುವ ಹಾಗಿಲ್ಲ.

ಭಾನುವಾರ ಎಲ್ಲರೂ ಹಾಲಿನಲ್ಲಿ ಕೂತಿದ್ದಾಗ ಹೇಳಿದೆ. ಕೂಗಾಟವಾಗಬಹುದೆಂದು ಎದೆ ಗಟ್ಟಿ ಮಾಡಿಕೊಂಡಿದ್ದೆ. ಕೂಗಾಟ ಆಗಲಿಲ್ಲ. ಕುಮಾರ ಫೋನಿನಿಂದ ತಲೆಯೆತ್ತಿ ಅಣ್ಣನ ಮುಖ ನೋಡಿದ. ಅಷ್ಟು ದಿನ ಚಪ್ಪಲಿಯಗಲದ ಜಾಗಕ್ಕೆ ಕಿತ್ತಾಡಿದವರು ಒಂದೇ ಗಳಿಗೆಯಲ್ಲಿ ಒಂದಾದರು. ಅಣ್ಣ ನನ್ನನ್ನು ಬಿಟ್ಟು ಅವ್ವನ ಕಡೆ ತಿರುಗಿದ.

"ಏನವ್ವ, ನೀನು ಅಂಗಂದ್ಯಾ?"

ಅವ್ವ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು, ಬಿಚ್ಚಿದಳು.

"ನಾನ್ಯಾಕಪ್ಪ ಅಂಗಂದೇನು" ಎಂದಳು. "ಅವಳೇ ಏನೋ ಬರ್ಕ ಬಂದವ್ಳೆ."

ಗಂಡ ಕೈ ಎತ್ತಿದ್ದನ್ನು ತಡೆದುಕೊಂಡು ಬಂದವಳು ನಾನು. ಅದು ಮೈಗೆ ತಾಗಿದ್ದು, ಮಾಯಿತು. ಇದು ಮಾಯಲಿಲ್ಲ. ಮೇಲೆ ಹೋಗಿ ಬಾಗಿಲು ಹಾಕಿಕೊಂಡೆ. ಸಂಜೆಯ ಹೊತ್ತಿಗೆ ಅವ್ವ ತಟ್ಟೆಯಲ್ಲಿ ಮುದ್ದೆ ಇಟ್ಟುಕೊಂಡು ಮೆಟ್ಟಿಲು ಹತ್ತಿ ಬಂದಳು. ಅವಳ ಮಂಡಿಗೆ ಆ ಮೆಟ್ಟಿಲು ಆಗಿಬರುತ್ತಿರಲಿಲ್ಲ. ನಾನು ತಟ್ಟೆ ಮುಟ್ಟಲಿಲ್ಲ. ಯಾಕೆ ಹಾಗಂದೆ ಎಂದು ಕೇಳಿದೆ.

"ನಾಳೀಕೆ ನನ್ನ ಮಣ್ಣು ಮಾಡೋರು ಅವ್ರೇ ಅಲ್ವವ್ವ? ನೀನು ಕೊಳ್ಳಿ ಇಡ್ದು ಮುಂದೆ ನಡುದ್ರೆ ಜನ ಒಪ್ತರಾ? ಗಂಡುಮಕ್ಕಳ ಎದುರಾಕ್ಕೊಂಡು ನಾನು ಎಂಗೆ ಸಾಯನೆ?"

ಬದುಕುವುದಕ್ಕೆ ಮಗಳು ಸಾಕಿತ್ತು, ಸಾಯುವುದಕ್ಕೆ ಗಂಡುಮಕ್ಕಳು ಬೇಕಿತ್ತು. ಅವಳು ನನ್ನ ಮಂಚದ ಮೇಲೆ, ಗೆರೆ ಹಾಯ್ದಿದ್ದ ಜಾಗದಲ್ಲೇ ಕೂತು ಅತ್ತಳು. ನಾನು ಅಳಲಿಲ್ಲ. ಮುದ್ದೆ ಆರಿ ಕಲ್ಲಾಯಿತು.

ಕೋರ್ಟಿಗೆ ಹೋಗು ಎಂದು ಸರ್ ಹೇಳಿದರು. ಗೊತ್ತಿರುವ ವಕೀಲರ ಹತ್ತಿರ ತಾವೇ ಕರೆದೊಯ್ಯುವುದಾಗಿಯೂ ಹೇಳಿದರು. ಆದರೆ ಅವ್ವನೇ ನಾನು ಹಾಗಂದಿಲ್ಲ ಅನ್ನುವಾಗ ಯಾರ ವಿರುದ್ಧ ಹೋಗಲಿ? ಅಣ್ಣ ಈಗ ಬಹಳ ಮೃದುವಾಗಿದ್ದ. ಮೂಗಿಗೆ ತುಪ್ಪ ಸವರುವುದನ್ನು ಅವನಿಂದ ಕಲಿಯಬೇಕು. ನೀನು ಇರುವ ತನಕ ನಿನಗೆ ಈ ಮನೆಯಲ್ಲಿ ಒಂದು ತುತ್ತು ಇದ್ದೇ ಇದೆ, ಪಾಲು ತೆಗೆದುಕೊಂಡ ಹೆಣ್ಣಿಗೆ ತವರು ಅನ್ನುವುದು ಉಳಿಯುವುದಿಲ್ಲ, ಬಿಟ್ಟುಕೊಟ್ಟರೆ ವರ್ಷಾವರ್ಷ ಗೌರಿ ಹಬ್ಬಕ್ಕೆ ಬಾಗಿನ ತಪ್ಪಿಸುವುದಿಲ್ಲ ಎಂದ. ನಮ್ಮ ಕಡೆ ಹೀಗೇ ಹೇಳುವುದು. ಮೊರದಲ್ಲಿ ಅರಿಶಿನ ಕುಂಕುಮ, ಬಳೆ, ಒಂದು ರವಿಕೆ ಬಟ್ಟೆ ಕೊಟ್ಟು ಹೆಣ್ಣುಮಕ್ಕಳಿಂದ ಸಹಿ ಮಾಡಿಸಿಕೊಳ್ಳುವುದು ಎಷ್ಟು ಮನೆಗಳಲ್ಲಿ ನಡೆದಿಲ್ಲ? ಆದರೆ ಅವರೆಲ್ಲ ಬೇರೆ ಮನೆಯಲ್ಲಿದ್ದ ಹೆಣ್ಣುಮಕ್ಕಳು. ನಾನು ಅದೇ ಮನೆಯ ಮಹಡಿಯಲ್ಲಿ ಇದ್ದವಳು. ಯಾವ ಮನೆಯಿಂದ ಯಾವ ಮನೆಗೆ ಬಾಗಿನ ತರುತ್ತೀರಿ ಎಂದು ಕೇಳಿದೆ. ಅಣ್ಣನಿಗೆ ಅದು ಅರ್ಥವೇ ಆಗಲಿಲ್ಲ.

ಕೊನೆಯ ನಕ್ಷೆಯನ್ನು ನಾನೇ ಮುಗಿಸಿದೆ. ಬೇರೆಯವರ ಕೈಗೆ ಕೊಡಬಹುದಿತ್ತು, ಯಾಕೆ ಕೊಡಲಿಲ್ಲವೋ ಗೊತ್ತಿಲ್ಲ. ಬಹುಶಃ ಕೆಟ್ಟದಾಗಿ ಬರೆಯುತ್ತಾರೆಂಬ ಸಿಟ್ಟು. ಮಿಡ್‌ಪಾಯಿಂಟಿನಿಂದ ಮಿಡ್‌ಪಾಯಿಂಟಿಗೆ ಗೆರೆಯನ್ನು ದಪ್ಪ ಮಾಡಿದೆ. ಒಂದು ಕಡೆ ಮಹದೇವ ಎಂದು ಬರೆದೆ, ಇನ್ನೊಂದು ಕಡೆ ಕುಮಾರ. ಅಕ್ಷರಗಳು ಭಾಗದ ನಟ್ಟನಡುವೆ ಕೂರುವ ಹಾಗೆ ನೋಡಿಕೊಂಡೆ. ಮೆಟ್ಟಿಲು, ಸಂಪು, ಕಿಟಕಿ, ಬಾಗಿಲು, ಕರಿಬೇವಿನ ಗಿಡ, ಒಂದನ್ನೂ ಬಿಡಲಿಲ್ಲ.

ದಸರೆಯ ಹೊತ್ತಿಗೆ ಗೋಡೆ ಎದ್ದಿತು. ಹಾಲಿನ ನಡುವೆ, ಮೆಟ್ಟಿಲ ಪಕ್ಕ, ಆಮೇಲೆ ಮೇಲೆ ನನ್ನ ಕೋಣೆಯಲ್ಲಿ. ಗೋಣಿಚೀಲಕ್ಕೆ ನೀರು ಹಾಕುತ್ತಿದ್ದವಳು ಅವ್ವ. ಮಂಚವನ್ನು ಎಷ್ಟು ತಿರುಗಿಸಿದರೂ ಉಳಿದ ಅರ್ಧದಲ್ಲಿ ಅದು ಹಿಡಿಸಲಿಲ್ಲ. ಇನ್ನೊಂದರ್ಧವನ್ನು ಕುಮಾರ ಮದುವೆಯ ಸಾಮಾನಿಡಲು ಇಟ್ಟುಕೊಂಡ. ನಾನು ನಜರ್‌ಬಾದಿನಲ್ಲಿ ಒಂದು ಕೋಣೆಯ ಬಾಡಿಗೆ ಮನೆ ಹಿಡಿದು, ಕಂಪ್ಯೂಟರನ್ನು ಆಟೋದಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದೆ. ಹೋಗಬೇಡ ಎಂದು ಯಾರೂ ಗೇಟಿನವರೆಗೂ ಬರಲಿಲ್ಲ. ಅತ್ತಿಗೆ ಮಾತ್ರ ಒಂದು ಡಬ್ಬಿಯಲ್ಲಿ ಉಪ್ಪಿನಕಾಯಿ ತಂದು ಆಟೋದೊಳಗಿಟ್ಟು ಒಳಕ್ಕೆ ಹೋದಳು.

ಆದರೆ ಆ ವರ್ಷ ನೆನಪಾದಾಗ ಮುಂದೆ ಬಂದು ನಿಲ್ಲುವುದು ಆ ಗೋಡೆಯಲ್ಲ, ಗೌರಿ ಹಬ್ಬಕ್ಕೆ ಮೊದಲು ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಕಳೆದ ಒಂದು ಮಧ್ಯಾಹ್ನ. ಹೊರಗೆ ಮಳೆ. ಒಳಗೆ ಬೆಂಚಿನ ಮೇಲೆ ಅವ್ವ, ನಾನು, ಅಣ್ಣ, ತಮ್ಮ. ಮೊದಲು ಅವ್ವನದೂ ನನ್ನದೂ ಹಕ್ಕು ಬಿಟ್ಟುಕೊಡುವ ಪತ್ರ, ಆಮೇಲೆ ಅವರಿಬ್ಬರ ಪಾಲುಪತ್ರ. ಮೇಜಿನ ಹಿಂದಿದ್ದ ಅಧಿಕಾರಿ ಒಳ್ಳೆಯ ಮನುಷ್ಯ. ನನ್ನನ್ನು ಹತ್ತಿರ ಕರೆದು, ನಿಮ್ಮ ಸ್ವಂತ ಇಷ್ಟದಿಂದಲೇ ಬಿಟ್ಟುಕೊಡ್ತಿದ್ದೀರಾ ತಾಯಿ, ಯಾರ ಬಲವಂತವೂ ಇಲ್ಲವಲ್ಲ ಎಂದು ಕೇಳಿದರು. ಇಲ್ಲ ಎಂದೆ. ಸಹಿ ಹಾಕಿದೆ. ಅವ್ವ ಹೆಬ್ಬೆಟ್ಟು ಒತ್ತಿದಳು.

ಆಮೇಲೆ ಅವರು ಪಾಲುಪತ್ರದ ಹಾಳೆ ತಿರುಗಿಸುತ್ತಾ ಬಂದು ನಕ್ಷೆಯ ಹತ್ತಿರ ನಿಂತರು. ಕನ್ನಡಕ ಸರಿಮಾಡಿಕೊಂಡು ನೋಡಿದರು. ಗೆರೆಯ ಮೇಲೆ ಪೆನ್ನಿನ ತುದಿ ಆಡಿಸಿದರು.

"ಭಾಳ ಶುದ್ಧವಾಗಿದೆ ನಕ್ಷೆ. ಯಾರು ಮಾಡಿದ್ದು?"

ಅಣ್ಣ ನನ್ನ ಕಡೆ ನೋಡಲಿಲ್ಲ.

"ಯಾರೋ ಹೊರಗಿನವ್ರು ಸಾ" ಎಂದ.

ಸುಳ್ಳು ಎಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಸಹಿ ಹಾಕಿ ಆಗಿತ್ತಲ್ಲ, ಮುಚ್ಚಿಕೊಂಡೆ.